ಪಾರ್ಕಿನ ಮದರಂಗಿ ಬೇಲಿ

ಬೆಳಿಗ್ಗೆ ಆರೂವರೆಗೆ ಪಾರ್ಕಿನ ಸಣ್ಣ ಗೇಟಿನ ಮುಂದೆ ನಾನು ಇವತ್ತಿಗೂ ಒಂದು ಗಳಿಗೆ ನಿಲ್ಲುತ್ತೇನೆ. ದನಗಳು ನುಗ್ಗಬಾರದೆಂದು ಹಾಕಿದ, ನಾಲ್ಕು ಕೈಗಳ, ಗಿರಗಿರ ತಿರುಗುವ ಕಬ್ಬಿಣದ ಗೇಟು ಅದು. ಚಿಕ್ಕವಳಿದ್ದಾಗ ಅದರ ಒಂದು ಕೈಗೆ ಜೋತುಬಿದ್ದು, ಎರಡು ಸುತ್ತು ಪುಕ್ಕಟೆ ತಿರುಗಿ, ಆಮೇಲೆ ಒಳಗೆ ಹೋಗುತ್ತಿದ್ದೆ. ಈಗ ನನ್ನದು ಎಪ್ಪತ್ತಾರರ ಮೊಣಕಾಲು. ಗೇಟೇ ನನ್ನ ಬೆನ್ನಿಗೆ ಮೆಲ್ಲಗೆ ಕೈಯಿಟ್ಟು ಒಳಗೆ ಬಿಡುತ್ತದೆ. ವೆರಿ ಜಂಟಲ್‌ಮ್ಯಾನ್ಲಿ ಗೇಟು, ಐ ಮಸ್ಟ್ ಸೇ.

ಬಳ್ಳಾರಿಯ ಬೇಸಿಗೆಯನ್ನು ಅನುಭವಿಸಿದವರಿಗೆ ಮಾತ್ರ ಈ ಪಾರ್ಕಿನ ಬೆಲೆ ಗೊತ್ತಾಗುತ್ತದೆ. ಕೋಟೆ ಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ನಸುಕಿನವರೆಗೂ ಊರ ಮೇಲೆ ಉಗುಳುತ್ತಿರುತ್ತದೆ. ಮನೆಯ ಗೋಡೆಗಳು ಬೆಳಗಾದರೂ ಬೆಚ್ಚಗೇ ಇರುತ್ತವೆ. ಅಂಥ ಬೆಳಗಿನಲ್ಲಿ ಆ ಗೇಟು ದಾಟಿ ಹತ್ತು ಹೆಜ್ಜೆ ನಡೆದರೆ ಸಾಕು, ಬೇವು, ಹುಣಸೆ, ಮಳೆಮರಗಳ ಕೆಳಗೆ ಗಾಳಿಯ ಗುಣವೇ ಬೇರೆಯಾಗುತ್ತದೆ. ನಾನು ಸಿಮ್ಲಾ ನೋಡಿದ್ದೇನೆ, ಊಟಿ ನೋಡಿದ್ದೇನೆ. ಅಲ್ಲಿನ ತಂಪು ತಾನಾಗಿಯೇ ಎಲ್ಲರಿಗೂ ಸಿಗುವಂಥದ್ದು. ಇದು ಯಾರೋ ನೀರು ಹೊತ್ತು ಮಾಡಿದ ತಂಪು.

ಈ ಪಾರ್ಕು ಬಿಳಿಯರ ಕಾಲದ್ದು ಎಂದು ನನ್ನ ತಾತ ಹೇಳುತ್ತಿದ್ದರು. ಕಂಟೋನ್ಮೆಂಟಿನ ದೊರೆಗಳೂ ಅವರ ಮೇಮ್‌ಸಾಹೇಬರೂ ಸಂಜೆ ಇಲ್ಲಿ ಗಾಳಿ ತೆಗೆದುಕೊಳ್ಳಲು ಬರುತ್ತಿದ್ದರಂತೆ. ನಡುವೆ ಈಗಲೂ ಇರುವ ಬ್ಯಾಂಡ್‌ಸ್ಟ್ಯಾಂಡು, ಎಂಟು ಕಂಬಗಳ ಮೇಲೆ ಛತ್ರಿಯಂಥ ತಗಡಿನ ಮಾಡು, ಆಗ ಸಿಪಾಯಿಗಳ ಬಾಜಾಕ್ಕಾಗಿ ಕಟ್ಟಿದ್ದು. ನಮ್ಮವರು ಕಬ್ಬಿಣದ ಸರಳುಗಳ ಹೊರಗೆ ನಿಂತು ಕೇಳಬೇಕಿತ್ತು. ತಾತ ಹಾಗೆ ಹೊರಗೆ ನಿಂತು ಕೇಳಿದವರೇ. ಸ್ವಾತಂತ್ರ್ಯ ಬಂದ ಮೇಲೆ ಒಂದು ಸಂಜೆ ಒಳಗೆ ಹೋಗಿ ಆ ಮೆಟ್ಟಿಲ ಮೇಲೆ ಕುಳಿತರಂತೆ. ಬಾಜಾ ಇರಲಿಲ್ಲ, ಜನವೂ ಇರಲಿಲ್ಲ. ಸುಮ್ಮನೆ ಅರ್ಧ ತಾಸು ಕುಳಿತು ಎದ್ದು ಬಂದರಂತೆ.

ನನ್ನ ಕಾಲಕ್ಕೆ ಬರುವ ಹೊತ್ತಿಗೆ ಪಾರ್ಕು ಪೂರ್ತಿ ನಮ್ಮದಾಗಿತ್ತು. ರೇಡಿಯೋ ಮನೆ ಎಂಬ ಒಂದು ಪುಟ್ಟ ಕೋಣೆ ಇತ್ತು. ಸಂಜೆ ಅದರ ಬೀಗ ತೆಗೆದು ವಾರ್ತೆ ಹಚ್ಚಿದರೆ ಗಂಡಸರು ಹುಲ್ಲಿನ ಮೇಲೆ ಕುಳಿತು ಕೇಳುತ್ತಿದ್ದರು. ಈಗ ಅಲ್ಲಿ ಹುಲ್ಲು ಕತ್ತರಿಸುವ ಮಷೀನು ಮಲಗಿರುತ್ತದೆ. ರೀಡಿಂಗ್ ರೂಮು ಮಾತ್ರ ಹಾಗೇ ಇದೆ. ಇಳಿಜಾರಿನ ಮೇಜಿನ ಮೇಲೆ ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ಪೇಪರುಗಳು ಅಕ್ಕಪಕ್ಕ. ಕಲ್ಲಿನ ಬೆಂಚುಗಳು ಕುರುಗೋಡಿನ ಗುಡ್ಡದಿಂದ ಎತ್ತಿನ ಗಾಡಿಯಲ್ಲಿ ಬಂದವು ಎನ್ನುತ್ತಾರೆ. ಕುಳಿತು ಕುಳಿತು ನಡುಭಾಗ ನುಣುಪಾಗಿದೆ, ಅಂಚಿನಲ್ಲಿ ಮಾತ್ರ ಉಳಿಯ ಗುರುತು ಬೆರಳಿಗೆ ಸಿಗುತ್ತದೆ. ತಾವರೆ ಕೊಳದಲ್ಲಿ ತಾವರೆ ಯಾವತ್ತೂ ಇರಲಿಲ್ಲ, ಬಿಳಿ ನೈದಿಲೆ ಇದೆ. ಹೊಸದಾಗಿ ವಾಕಿಂಗ್ ಟ್ರ್ಯಾಕು ಬಂದಿದೆ, ಕೈಕಾಲು ಆಡಿಸುವ ಮಷೀನುಗಳು ಬಂದಿವೆ, ಕುಡಿಯುವ ನೀರು ಬಂದಿದೆ. ಹೆಂಗಸರಿಗೆ ಬಾಗಿಲಿಗೆ ಚಿಲಕವಿರುವ ಟಾಯ್ಲೆಟ್ಟು ಬಂದಿದೆ. ಇದನ್ನು ಬರೆಯುವುದು ನನ್ನ ಕಾನ್ವೆಂಟಿನ ಸಿಸ್ಟರುಗಳಿಗೆ ಸರಿ ಕಾಣುತ್ತಿರಲಿಲ್ಲ. ಆದರೆ ಪಾರ್ಕಿನಲ್ಲಿ ಸಂಜೆಯವರೆಗೆ ಕುಳಿತಿರಬೇಕೆಂದು ಆಸೆಪಟ್ಟ ಯಾವ ಹೆಂಗಸಿಗಾದರೂ ಅದರ ಬೆಲೆ ಗೊತ್ತು.

ಇಷ್ಟೆಲ್ಲ ಇದ್ದರೂ ನನಗೆ ಪಾರ್ಕು ಎಂದರೆ ಅದರ ಪಶ್ಚಿಮದ ಮೂಲೆ. ಲೇಡೀಸ್ ಕಾರ್ನರ್. ಒಂದು ಕಾಲಕ್ಕೆ ಅಲ್ಲಿ ಬಿದಿರಿನ ತಟ್ಟಿ ಇತ್ತಂತೆ, ಹೆಂಗಸರು ಒಳಗೆ ನಿರಾಳವಾಗಿ ಕೂರಲಿ ಎಂದು. ಗಾಳಿಗೆ ತಟ್ಟಿ ಬಿದ್ದು ಬಿದ್ದು ಬೇಸರವಾಗಿ, ಆಗ ಹರೆಯದಲ್ಲಿದ್ದ ಮಾಲಿಯೊಬ್ಬ ಅದನ್ನು ಕಿತ್ತು ಸುತ್ತಲೂ ಮದರಂಗಿ ನೆಟ್ಟ. ನಾನು ಕಣ್ಣು ಬಿಟ್ಟು ನೋಡುವ ಹೊತ್ತಿಗೆ ಅದು ಎದೆಯೆತ್ತರದ ಬೇಲಿಯಾಗಿತ್ತು. ಎಷ್ಟು ದಟ್ಟವೆಂದರೆ ಒಳಗಿದ್ದವರ ನಗು ಮಾತ್ರ ಹೊರಗೆ ಬರುತ್ತಿತ್ತು. ಹೂಬಿಟ್ಟಾಗ ಆ ಮೂಲೆಗೆಲ್ಲ ಒಂದು ಸಿಹಿ, ಮಣ್ಣಿನಂಥ ವಾಸನೆ. ಸೆಂಟ್ ಬಾಟಲಿಗಳಲ್ಲಿ ಅದನ್ನು ಹುಡುಕಿದ್ದೇನೆ, ಸಿಕ್ಕಿಲ್ಲ.

ಆ ಬೇಲಿಯನ್ನು ನಾವು ಮದರಂಗಿ ಎನ್ನುತ್ತಿದ್ದೆವು. ತೆಲುಗು ಮನೆಗಳವರು ಗೋರಿಂಟಾಕು ಎನ್ನುತ್ತಿದ್ದರು, ಕೌಲ್ ಬಜಾರಿನ ಕಡೆಯಿಂದ ಬರುವವರು ಮೆಹಂದಿ. ಆಷಾಢಕ್ಕೆ ಅವರು, ಪಂಚಮಿಗೆ ನಾವು, ರಂಜಾನಿಗೆ ಇವರು. ಮದುವೆಗಳಂತೂ ವರ್ಷವಿಡೀ. ಎಲ್ಲರೂ ಇದೇ ಬೇಲಿಗೇ ಬರುತ್ತಿದ್ದರು. ಮಾಲಿ ಹಬ್ಬಗಳ ಲೆಕ್ಕ ಹಿಡಿದೇ ಬೇಲಿಯ ನೆತ್ತಿ ಕತ್ತರಿಸುತ್ತಿದ್ದ, ಹಬ್ಬದ ಹೊತ್ತಿಗೆ ಎಳೆ ಚಿಗುರು ಬರುವ ಹಾಗೆ. ಬಂದವರು ಮೂಲೆಯ ಟ್ಯಾಂಕಿನಿಂದ ಒಂದು ಕೊಡ ನೀರು ತುಂಬಿ ಗಿಡದ ಬುಡಕ್ಕೆ ಹಾಕಬೇಕು, ಆಮೇಲೆ ಒಂದು ಉಡಿ ಸೊಪ್ಪು ಕೊಯ್ಯಬೇಕು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ನನ್ನ ಅಮ್ಮನೂ ಹಾಗೇ ಮಾಡುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡ ಬಗ್ಗಿಸಿ, ಬುಡಕ್ಕೆ ನಿಧಾನವಾಗಿ ಸುರಿಯುತ್ತಿದ್ದಳು. ನಾನು ಪಕ್ಕದಲ್ಲಿ ಶೂ ಒದ್ದೆಯಾಗದಂತೆ ದೂರ ನಿಲ್ಲುತ್ತಿದ್ದೆ. ತುಳಸಿಗೆ ನೀರು ಹಾಕುವ ಹಾಗೆ ಇದೂ ಒಂದು ಆಚಾರ, ಸೂಪರ್‌ಸ್ಟಿಷನ್, ಎಂದುಕೊಂಡಿದ್ದೆ. ಕಾನ್ವೆಂಟಿನಲ್ಲಿ ಆ ಪದದ ಸ್ಪೆಲ್ಲಿಂಗನ್ನು ಹೊಸದಾಗಿ ಕಲಿತಿದ್ದೆ, ಕಂಡದ್ದಕ್ಕೆಲ್ಲ ಅಂಟಿಸುತ್ತಿದ್ದೆ.

ಕಾನ್ವೆಂಟಿನಲ್ಲಿ ಸೋಮವಾರ ಬೆಳಿಗ್ಗೆ ಹ್ಯಾಂಡ್ ಇನ್‌ಸ್ಪೆಕ್ಷನ್. ಸಾಲಾಗಿ ನಿಂತು ಎರಡೂ ಕೈ ಚಾಚಬೇಕು, ಮೊದಲು ಅಂಗೈ, ಆಮೇಲೆ ಹಿಂಗೈ. ಉಗುರಲ್ಲಿ ಮಣ್ಣಿದ್ದರೆ ಸ್ಕೇಲಿನ ಒಂದು ಏಟು. ಮದರಂಗಿ ಇದ್ದರೆ ಎರಡು. ಅದಕ್ಕೇ ಅಮ್ಮ ನನಗೆ ಕೈಗೆ ಹಚ್ಚುತ್ತಿರಲಿಲ್ಲ. ಪಂಚಮಿಗೆ ಕಾಲ ಬೆರಳುಗಳಿಗೆ ಮಾತ್ರ ಹಚ್ಚುತ್ತಿದ್ದಳು. ಬಿಳಿ ಸಾಕ್ಸಿನೊಳಗೆ, ಕಪ್ಪು ಶೂವಿನೊಳಗೆ ನನ್ನ ಹಬ್ಬ ಯಾರಿಗೂ ಕಾಣದೆ ಕೆಂಪಗಿರುತ್ತಿತ್ತು. ಆಮೇಲೆ ಮದುವೆಯಾದೆ, ಇಂಗ್ಲಿಷ್ ಟೀಚರಾದೆ, ನಾನೇ ಹುಡುಗಿಯರ ಕೈ ನೋಡುವವಳಾದೆ. ಕೈ ಖಾಲಿಯೇ ಉಳಿಯಿತು. ಲೇಡೀಸ್ ಕಾರ್ನರಿಗೆ ಎಷ್ಟೋ ವರ್ಷ ಬಂದು ಕುಳಿತಿದ್ದೇನೆ. ಒಂದು ಎಲೆಯನ್ನೂ ಕಿತ್ತವಳಲ್ಲ.

ಈಗ ಪಾರ್ಕು ನೋಡಿಕೊಳ್ಳುವವಳು ಆ ಹಳೆಯ ಮಾಲಿಯ ಸೊಸೆ. ಸಿರುಗುಪ್ಪ ತಾಲ್ಲೂಕಿನ ಕರೂರಿನವಳು. ಮದುವೆಗೆ ಮುಂಚೆ ಅಲ್ಲಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದ ಕೈ. ಗುಲಾಬಿ ನೆಟ್ಟರೂ ಹಗ್ಗ ಎಳೆದು, ಸಾಲು ಹಿಡಿದು, ಹಿಂದಕ್ಕೆ ಸರಿಯುತ್ತ ನೆಡುತ್ತಾಳೆ. ದೊಡ್ಡ ಹುಲ್ಲುಹಾಸು, ಹೂವಿನ ಮಡಿಗಳು, ಟ್ರ್ಯಾಕು, ಎಲ್ಲಕ್ಕೂ ಅವಳೂ ಅವಳ ಒಂದು ಪೈಪೂ. ನಾನು ಬೆಳಿಗ್ಗೆ ಎರಡು ಸುತ್ತು ಮುಗಿಸಿ ಲೇಡೀಸ್ ಕಾರ್ನರಿನ ಬೆಂಚಿಗೆ ಬಂದರೆ ಅವಳು ಪೊರಕೆ ಇಟ್ಟು ಬಂದು ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದಳು. ಬೆಂಚಿನ ಮೇಲೆ ಕೂರು ಎಂದರೆ ಕೇಳುತ್ತಿರಲಿಲ್ಲ. ಫ್ಲಾಸ್ಕಿನ ಚಹಾದಲ್ಲಿ ಮುಚ್ಚಳದಷ್ಟು ಅವಳಿಗೆ. ಮಾವನ ಕಥೆ, ಊರಿನ ಕಥೆ. ಕುಡತಿನಿಯ ವಿದ್ಯುತ್ ಸ್ಥಾವರದ ಕಡೆಯ ಗಾಳಿ ಬೀಸಿದ ದಿನ ಎಲೆಗಳ ಮೇಲೆ ಬೂದಿ ಕೂರುತ್ತದೆಂದು ಅವಳ ದೂರು. ನನಗೆ ಆ ಹದಿನೈದು ನಿಮಿಷ ದಿನದ ಬೆಸ್ಟ್ ಪಾರ್ಟ್.

ಕಳೆದ ಚಳಿಗಾಲದಲ್ಲಿ ಅವಳೇ ಸುದ್ದಿ ತಂದಳು. ಪಾರ್ಕನ್ನು ಹೊಸದು ಮಾಡುತ್ತಾರೆ, ಲೇಡೀಸ್ ಕಾರ್ನರಿನ ಬೇಲಿ ಕಿತ್ತು ಸ್ಟೀಲಿನ ಗ್ರಿಲ್ ಹಾಕುತ್ತಾರೆ, ಅಳತೆ ತೆಗೆದುಕೊಂಡು ಹೋಗಿದ್ದಾರೆ. ಮಾವ ನೆಟ್ಟದ್ದು, ತನ್ನ ಕೈಯಲ್ಲಿ ಹೋಗಿಬಿಡುತ್ತದಲ್ಲ ಎಂದು ಅವಳಿಗೆ ಸಂಕಟ. ಏನಾದರೂ ಬರೆದುಕೊಡಿ, ನಿಮಗೆ ಇಂಗ್ಲಿಷ್ ಬರುತ್ತದೆ, ಸಾಹೇಬರು ಓದುತ್ತಾರೆ ಎಂದಳು. ನನಗೂ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಹೋಗಿ ಒಳ್ಳೆಯ ಕಾಗದ ತೆಗೆದು, ಇಂಕ್ ಪೆನ್ನಿನಲ್ಲಿ, ಮೂರು ಪುಟದ ಪಿಟಿಷನ್ ಬರೆದೆ. ಹೆರಿಟೇಜ್ ಹೆಡ್ಜ್ ಎಂದು ಕರೆದೆ. ಪ್ರೈಸ್‌ಲೆಸ್ ಲಿವಿಂಗ್ ವಾಲ್ ಎಂದೆ. ಕೊನೆಗೆ ಇನ್ನೊಂದು ಪ್ಯಾರಾ ಸೇರಿಸಿದೆ. ಪ್ರತಿ ಹಬ್ಬದಲ್ಲೂ ತಿಳಿವಳಿಕೆಯಿಲ್ಲದ ಕೈಗಳು ಇದರ ಎಲೆಗಳನ್ನು ಬೋಳಿಸುತ್ತಿವೆ, ಆ ಕೈಗಳಿಂದ ಇದನ್ನು ಕಾಪಾಡಬೇಕು ಎಂದು. ಆ ಪ್ಯಾರಾ ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಬಂದಿತ್ತು. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಪಿಟಿಷನ್ ಗೆದ್ದಿತು. ಗ್ರಿಲ್ ನಿಂತುಹೋಯಿತು. ಬೇಲಿಯ ಸುತ್ತ ಆಳೆತ್ತರದ ತಂತಿ ಜಾಲರಿ ಬಂತು, ಅದರ ಮೇಲೆ ಹಸಿರು ಬೋರ್ಡು ಬಂತು. ಪಾರಂಪರಿಕ ಬೇಲಿ, ಎಲೆ ಕೀಳಬಾರದು, ಮುಟ್ಟಬಾರದು. ನಾನು ಪರಿಚಯದವರನ್ನೆಲ್ಲ ಕರೆದುಕೊಂಡು ಹೋಗಿ ಆ ಬೋರ್ಡು ತೋರಿಸಿದೆ. ವಾಕಿಂಗಿಗೆ ಬರುವ ಹೆಂಗಸರು ಕಂಗ್ರಾಚುಲೇಷನ್ಸ್ ಹೇಳಿದರು.

ಮಾಲಿ ಮಾತ್ರ ನನ್ನ ಹತ್ತಿರ ಬಂದು ಕೂರುವುದನ್ನು ಬಿಟ್ಟಳು. ಮೊದಲು ಕೆಲಸ ಜಾಸ್ತಿ ಇರಬೇಕೆಂದುಕೊಂಡೆ. ಆಮೇಲೆ ಅವಳು ನಾನು ಬರುವ ಹೊತ್ತಿಗೆ ಸರಿಯಾಗಿ ಆಚೆ ಕಡೆ ಗುಡಿಸುತ್ತಿರುವುದು ಕಾಣತೊಡಗಿತು. ಮುಚ್ಚಳದ ಚಹಾ ಹಾಗೇ ತಣ್ಣಗಾಗುತ್ತಿತ್ತು. ಚಳಿ ಮುಗಿದು ಶಿವರಾತ್ರಿ ದಾಟಿ ಬಿಸಿಲು ಏರಿತು. ಬೇಲಿ ಎತ್ತರಕ್ಕೆ ಹೋಗಿ, ನಡುವೆ ತೆಳ್ಳಗಾಗಿ, ಬುಡದಲ್ಲಿ ಬೋಳಾಯಿತು. ಎಲೆಗಳು ಹಳದಿಯಾಗಿ ಉದುರಿದವು. ಒಳಗೆ ಕುಳಿತರೆ ಟ್ರ್ಯಾಕಿನಲ್ಲಿ ಹೋಗುವ ಗಂಡಸರ ಬನಿಯನ್ನಿನ ಬಣ್ಣ ಕೂಡ ಕಾಣುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಅಲ್ಲಿ ಕೂರುವುದನ್ನು ಬಿಟ್ಟರು. ನಾನು ರೋಗವಿರಬೇಕು, ಔಷಧಿ ಹೊಡೆಯಬೇಕು ಎಂದು ಯೋಚಿಸಿದೆ. ಒಂದು ದಿನ ಅವಳನ್ನು ಅಡ್ಡಗಟ್ಟಿಯೇ ಕೇಳಿದೆ, ಏನಮ್ಮಾ, ಬೇಲಿಗೆ ಏನಾಗಿದೆ, ನೀನು ಗಮನ ಕೊಡುತ್ತಿಲ್ಲವಾ ಎಂದು.

ಅವಳು ಪೈಪು ಕೆಳಗಿಟ್ಟಳು. ಧ್ವನಿ ಏರಿಸಲಿಲ್ಲ.

"ಅಮ್ಮಾರ, ಬೇಲಿ ಸಾಯಾಕ ಹತ್ತೈತ್ರಿ. ನೀವು ಬರ್ದ ಕಾಗದಕ್ಕ ಸಾಯಾಕ ಹತ್ತೈತಿ."

ನಾನು ಅರ್ಥವಾಗಲಿಲ್ಲ ಎಂದೆ.

"ಇಷ್ಟು ವರ್ಷ ಇದಕ್ಕ ನೀರು ಯಾರು ಹಾಕ್ತಿದ್ರು ಅನ್ಕಂಡೀರಿ? ನಾ ಹಾಕಿಲ್ಲ. ನೆಟ್ಟ ವರ್ಷ ಬಿಟ್ರ ನಮ್ಮ ಮಾವನೂ ಹಾಕಿಲ್ಲ. ನನ್ನ ಪೈಪು ಇಲ್ಲೀತನಕ ಬರಾದೇ ಇಲ್ಲ. ಕೊಯ್ಯಾಕ ಬಂದೋರು ಹಾಕ್ತಿದ್ರು. ಅವರು ಕೊಯ್ದಷ್ಟೂ ಇದು ದಟ್ಟಾಗ್ತಿತ್ತು. ಬೋರ್ಡು ಹಾಕ್ಸಿ ಕೊಯ್ಯೋರ್ನೂ ನಿಲ್ಸಿದ್ರಿ, ನೀರೂ ನಿಲ್ಸಿದ್ರಿ."

ಆಮೇಲೆ ಉಳಿದದ್ದನ್ನು ನಿಧಾನವಾಗಿ ಹೇಳಿದಳು. ಮಾವ ಬೇಲಿ ನೆಟ್ಟ ವರ್ಷ ಬೇಸಿಗೆ ಕೆಟ್ಟದಾಗಿತ್ತಂತೆ. ಒಬ್ಬನೇ ಹೊತ್ತು ಪೂರೈಸಲಾರದೆ, ಹೆಂಗಸರಿಗೆ ಹೇಳಿದನಂತೆ, ನೀರು ತಂದವರಿಗೆ ಸೊಪ್ಪು ಎಂದು. ಅಂದಿನಿಂದ ಬೇಲಿ ಅವರದೇ ನೀರಿನಲ್ಲಿ ಬದುಕಿತ್ತು. ಈಗ ಕಚೇರಿಯವರು ಬಂದು ನೋಡಿ ಹೋಗಿದ್ದಾರೆ, ಮಳೆಗಾಲದೊಳಗೆ ಇದು ಚಿಗುರದಿದ್ದರೆ ಹೆರಿಟೇಜೂ ಇಲ್ಲ ಏನೂ ಇಲ್ಲ, ಗ್ರಿಲ್ಲೇ ಹಾಕುತ್ತಾರೆ. ಇದನ್ನು ನನಗೆ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ಅಷ್ಟು ಇಂಗ್ಲಿಷ್ ಬರೋರಿಗೆ ನಾ ಏನ್ ಹೇಳ್ಲಿರಿ," ಎಂದಳು. "ಆ ಕಚೇರಿ ಸಾಹೇಬ್ರು ನಿಮ್ಮ ಕಾಗದ ನಂಗ ಕನ್ನಡದಾಗ ಓದಿ ಹೇಳಿದ್ರು. ತಿಳಿವಳಿಕಿಲ್ಲದ ಕೈ ಅಂತ ಬರದೀರಂತಲ್ಲ. ಅದರಾಗ ನಿಮ್ಮ ಅವ್ವನ ಕೈಯೂ ಇತ್ತು, ಅಮ್ಮಾರ."

ಅಮ್ಮ ಕೊಡ ಬಗ್ಗಿಸುತ್ತಿದ್ದುದು, ನಾನು ಶೂ ಒದ್ದೆಯಾದೀತೆಂದು ದೂರ ನಿಲ್ಲುತ್ತಿದ್ದುದು ಕಣ್ಣ ಮುಂದೆ ಬಂತು. ನೀರು ಎಲ್ಲಿ ಬೀಳುತ್ತಿದೆ ಎಂದು ಒಮ್ಮೆ ಸರಿಯಾಗಿ ನೋಡಿದ್ದರೆ ಸಾಕಿತ್ತು.

ಮರುದಿನವೇ ಪಾರ್ಕುಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋದೆ. ಅಲ್ಲಿನ ಎಂಜಿನಿಯರು ನನ್ನನ್ನು ನೋಡಿ ಎದ್ದು ನಿಂತರು, ಕುರ್ಚಿ ಕೊಟ್ಟರು. ಜಾಲರಿ ತೆಗೆಸಿ, ಬೋರ್ಡು ತೆಗೆಸಿ, ಹೆಂಗಸರು ಕೊಯ್ಯಲಿ ಎಂದೆ. ಅವರು ಗೊಂದಲದಿಂದ ನಕ್ಕರು.

"ನೀವ ಅಲ್ಲೇನ್ರಿ ಮೇಡಂ ಬರ್ದಿದ್ದು, ಕೈ ಹಾಕಬಾರದಂತ? ನಿಮ್ಮ ಲೆಟರ್ ಫೈಲಿನಾಗ ಮೊದಲನೇ ಹಾಳಿ ಐತಿ. ನಮ್ಮ ಸಾಹೇಬ್ರು ಅದನ್ನ ಎಲ್ಲಾರಿಗೂ ಓದಾಕ ಕೊಟ್ಟಿದ್ರು."

ಆ ಕಾಗದವನ್ನು ಹಿಂದಕ್ಕೆ ಕೊಡಿ ಎಂದರೆ ಕೊಡಲು ಬರುವುದಿಲ್ಲ. ಅದು ತಪ್ಪೆಂದು ಇನ್ನೊಂದು ಬರೆದುಕೊಡಬೇಕು, ಅದನ್ನು ಅದರ ಮೇಲೆ ಇಡುತ್ತೇವೆ ಎಂದರು. ಅಲ್ಲೇ ಕುಳಿತು ಬರೆದೆ. ಈ ಸಲ ಕನ್ನಡದಲ್ಲಿ, ಏಕೆಂದರೆ ಮಾಲಿಗೆ ಅದನ್ನು ಯಾರೂ ತಿರುಗಿಸಿ ಹೇಳಬೇಕಾಗಬಾರದು. ನನ್ನ ಕನ್ನಡ ಅಕ್ಷರ ಇಂದಿಗೂ ಮೂರನೇ ಕ್ಲಾಸಿನ ಹುಡುಗಿಯದು. ಎಂಟು ಸಾಲು ಬರೆಯಲು ಒಂದು ತಾಸು ಹಿಡಿಯಿತು. ತಿಳಿವಳಿಕೆಯಿಲ್ಲದ್ದು ಅವರ ಕೈಗಳಲ್ಲ, ನನ್ನದು ಎಂದು ಬರೆದೆ. ನೀರು ಹಾಕುತ್ತಿದ್ದವರು ಅವರೇ ಎಂದು ಬರೆದೆ. ಎಂಜಿನಿಯರು ಓದಿ, ಕನ್ನಡಕ ತೆಗೆದು, ತಮ್ಮ ಅಜ್ಜಿಯೂ ರಂಜಾನಿಗೆ ಆ ಬೇಲಿಗೇ ಹೋಗುತ್ತಿದ್ದರು ಎಂದರು. ಹಾಗಾದರೆ ಈ ಬೋರ್ಡನ್ನು ನೀವೇಕೆ ಒಪ್ಪಿದಿರಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾನೂ ಅಂಥ ಅಮ್ಮನ ಮಗಳೇ. ಮಳೆಗಾಲದವರೆಗೆ ನೋಡೋಣ, ಚಿಗುರದಿದ್ದರೆ ನನ್ನನ್ನು ಏನೂ ಕೇಳಬೇಡಿ ಎಂದು ಹೇಳಿ ಕಳಿಸಿದರು.

ವಾರದೊಳಗೆ ಜಾಲರಿ ಹೋಯಿತು. ಆದರೆ ಯಾರೂ ಬರಲಿಲ್ಲ. ಬೇಲಿ ಮುಟ್ಟಬಾರದೆಂಬುದು ಊರಿಗೆಲ್ಲ ಹರಡಿತ್ತು, ಮುಟ್ಟಬಹುದೆಂಬುದು ಹರಡಲು ಕಾಲವೇ ಬೇಕಾಯಿತು. ಅಂಗಡಿಗಳಲ್ಲಿ ಮದರಂಗಿಯ ಕೋನುಗಳು ಸಿಗುತ್ತವೆ, ಹತ್ತು ನಿಮಿಷದಲ್ಲಿ ಕೆಂಪಾಗುತ್ತವೆ. ಒಣಗಿದ ಬೇಲಿಗೆ ಯಾರು ನೀರು ಹೊರುತ್ತಾರೆ? ಮಾಲಿ ಸಂಜೆ ಕೆಲಸ ಮುಗಿದ ಮೇಲೆ ತಾನೇ ನಾಲ್ಕು ಕೊಡ ಹೊತ್ತು ಹಾಕುತ್ತಿದ್ದಳು. ಅಷ್ಟು ಉದ್ದದ ಬೇಲಿಗೆ ಅದು ಯಾವ ಮೂಲೆಗೂ ಸಾಲದು. ಮೇ ತಿಂಗಳು ಮುಗಿಯುತ್ತ ಬಂತು.

ಒಂದು ಬೆಳಿಗ್ಗೆ ನಾನು ವಾಕಿಂಗ್ ಸ್ಟಿಕ್ಕನ್ನು ಬೆಂಚಿಗೆ ಒರಗಿಸಿ, ಅವಳ ಪ್ಲಾಸ್ಟಿಕ್ ಕೊಡ ಕೇಳಿ ತೆಗೆದುಕೊಂಡೆ. ಅರ್ಧ ಕೊಡ ತುಂಬಿಸಿದೆ. ಟ್ಯಾಂಕಿನಿಂದ ಬೇಲಿಗೆ ಇಪ್ಪತ್ತು ಹೆಜ್ಜೆ. ಮೂರು ಕಡೆ ನಿಂತೆ, ಸೀರೆಯ ನೆರಿಗೆ ಪೂರ್ತಿ ತೊಯ್ದಿತು, ಚಪ್ಪಲಿಯೊಳಗೆ ನೀರು. ಟ್ರ್ಯಾಕಿನಲ್ಲಿ ಹೋಗುವವರು ನಡಿಗೆ ನಿಧಾನ ಮಾಡಿ ನೋಡಿದರು. ಮಾಲಿ ಪೊರಕೆ ಹಿಡಿದು ನಿಂತವಳು ಸಹಾಯಕ್ಕೆ ಬರಲಿಲ್ಲ.

"ಬೇಲಿಗಿಂತ ನಿಮಗ ನೀರು ಜಾಸ್ತಿ ಬಿತ್ರಿ, ಅಮ್ಮಾರ," ಎಂದಳು. ತಿಂಗಳುಗಳ ನಂತರ ನನ್ನೊಡನೆ ಆಡಿದ ಮೊದಲ ತಮಾಷೆ.

ಬುಡಕ್ಕೆ ಸುರಿದೆ. ಒಣಮಣ್ಣು ಚುರ್ ಎಂದು ಹೀರಿತು. ಆಮೇಲೆ ಕೈ ಚಾಚಿದೆ. ಹಳೆಯ ಕೊಂಬೆಗಳಲ್ಲಿ ಮುಳ್ಳಿರುತ್ತದೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಕಿರುಬೆರಳು ಗೀರಿತು. ಕೊಂಬೆಯನ್ನು ಮೇಲಿಂದ ಕೆಳಕ್ಕೆ ಸವರಬಾರದು, ತುದಿಯ ಎರಡು ಗೆಣ್ಣು ಹಿಡಿದು ಚಿವುಟಬೇಕು, ಚಿವುಟಿದಲ್ಲಿ ಎರಡು ಕವಲೊಡೆಯುತ್ತದೆ ಎಂದು ಅವಳು ದೂರದಿಂದಲೇ ಹೇಳಿಕೊಟ್ಟಳು. ಉಳಿದಿದ್ದ ಹಸಿರಿನಲ್ಲಿ ಒಂದು ಬೊಗಸೆಯಷ್ಟು ಚಿವುಟಿದೆ. ಅವಳು ಅದನ್ನು ರೇಡಿಯೋ ಮನೆಯ ಹಿಂದಿನ ಕಲ್ಲಿನಲ್ಲಿ ಒಂದು ಚೂರು ಹುಣಸೆಹಣ್ಣು ಸೇರಿಸಿ ಅರೆದಳು. ಬೆಂಚಿನ ಮೇಲೆ ನನ್ನ ಎದುರಿಗೆ ಕುಳಿತಳು. ಹೌದು, ಬೆಂಚಿನ ಮೇಲೆ. ಎರಡೂ ಅಂಗೈಯಲ್ಲಿ ಒಂದೊಂದು ದೊಡ್ಡ ಬೊಟ್ಟು, ಬೆರಳ ತುದಿಗಳಿಗೆ ಟೋಪಿ. ಡಿಸೈನ್ ಗಿಸೈನ್ ಏನಿಲ್ಲ. ಮೂರು ತಾಸು ನಾನು ಕೈ ಚಾಚಿಕೊಂಡು ಲೇಡೀಸ್ ಕಾರ್ನರಿನಲ್ಲಿ ಕುಳಿತಿದ್ದೆ. ಚಹಾವನ್ನು ಅವಳೇ ಕುಡಿಸಿದಳು.

ಮರುದಿನ ಟ್ರ್ಯಾಕಿನಲ್ಲಿ ನನ್ನ ಕೈಗಳೇ ಸುದ್ದಿಯಾದವು. ಆಂಟಿ, ಇದು ಯಾವ ಕೋನು, ಇಷ್ಟು ಗಾಢ ಬಂದಿದೆ ಎಂದು ಕೇಳಿದರು. ನಾನು ಬೇಲಿ ತೋರಿಸಿದೆ, ಕೊಡ ತೋರಿಸಿದೆ. ತೆಲುಗು ಮನೆಯ ಇಬ್ಬರು ಅಕ್ಕತಂಗಿಯರು ಮೊದಲು ಬಂದರು, ಇನ್ನೇನು ಆಷಾಢ ಎಂದು. ಕೊಡವನ್ನು ಇಬ್ಬರೂ ಸೇರಿ ಹೊತ್ತರು. ಆಮೇಲೆ ಜನ ವಾಕಿಂಗಿಗೆ ತಂದ ಬಾಟಲಿಗಳನ್ನು ಮನೆಗೆ ಹೋಗುವ ಮುಂಚೆ ಬುಡಕ್ಕೆ ಬಗ್ಗಿಸತೊಡಗಿದರು. ಜೂನ್ ಕೊನೆಗೆ ಒಂದು ಸಣ್ಣ ಮಳೆಯೂ ಬಂತು. ಚಿವುಟಿದಲ್ಲೆಲ್ಲ ಎರಡೆರಡು ಎಲೆ, ಕೆಂಪು ಮಿಶ್ರಿತ ಹಸಿರು. ಸತ್ತೇಹೋದ ಜಾಗಗಳಲ್ಲಿ ಅವಳು ಹಗ್ಗ ಎಳೆದು, ಹಿಂದಕ್ಕೆ ಸರಿಯುತ್ತ, ಕಡ್ಡಿಗಳನ್ನು ಭತ್ತದ ಸಸಿಯ ಹಾಗೆ ನಾಟಿದಳು. ಎಂಜಿನಿಯರು ಬಂದು ನೋಡಿದರು. ಗ್ರಿಲ್ಲಿನ ಮಾತು ಎತ್ತದೆ, ಕಳಚಿಟ್ಟಿದ್ದ ಆ ಹಸಿರು ಬೋರ್ಡಿಗೆ ಈಗ ಏನು ಬರೆಸಲಿ ಎಂದು ನನ್ನನ್ನೇ ಕೇಳಿದರು. ನಾನು ಮಾಲಿಯ ಕಡೆ ಕೈ ತೋರಿಸಿದೆ. ಒಂದು ಕೊಡ ನೀರು, ಒಂದು ಉಡಿ ಸೊಪ್ಪು ಎಂದು ನಾನು ಹೇಳಿದ್ದರೆ ತಪ್ಪಾಗುತ್ತಿತ್ತು, ಈಗಿನ ಹುಡುಗಿಯರ ಚೂಡಿದಾರಕ್ಕೆ ಉಡಿಯೆಲ್ಲಿದೆ? ಒಂದು ಕೊಡ ನೀರು, ಒಂದು ಬೊಗಸೆ ಸೊಪ್ಪು ಎಂದು ಬರೆಸಿರಿ ಎಂದಳು ಅವಳು. ಹಾಗೇ ಬರೆಸಿದ್ದಾರೆ. ಕನ್ನಡ, ತೆಲುಗು, ಉರ್ದು ಮೂರರಲ್ಲೂ. ಇಂಗ್ಲಿಷಿನಲ್ಲಿ ಬೇಡ ಎಂದವಳು ನಾನೇ.

ಈ ವರ್ಷ ಪಂಚಮಿಗೆ ಎರಡನೆಯ ಸಲ ಹಚ್ಚಿಸಿಕೊಂಡೆ. ಮರುದಿನ ಬೆಳಿಗ್ಗೆ ಮಾಲಿ ಪೊರಕೆ ಒರಗಿಸಿ ಬಂದು, ಕೈ ತೋರಿಸಿರಿ ಎಂದಳು. ಎರಡೂ ಕೈ ಚಾಚಿದೆ. ಮೊದಲು ಅಂಗೈ, ಆಮೇಲೆ ಹಿಂಗೈ. ಹಳೆಯ ರೂಢಿ, ತಾನಾಗಿಯೇ ತಿರುಗಿತು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಎಡಗೈ ಚಲೋ ಹತ್ತೈತ್ರಿ. ಬಲಗೈ ಒಂದೀಟು ಬಿಳಿಚೈತಿ. ನಾಳಿ ಮತ್ತ ಬರ್ರಿ, ಹಚ್ಚಾಕ ಕೊಡ್ತೀನಿ," ಎಂದು ಪೊರಕೆ ಎತ್ತಿಕೊಂಡು ಹೊರಟವಳು, ತಿರುಗಿ ನೋಡದೆಯೇ ಸೇರಿಸಿದಳು, "ಕೊಡ ಟ್ಯಾಂಕಿನ ಹತ್ರ ಐತಿ."